ಕಥೆ ಹೇಳೋರು ಬದಲಾದ್ರೆ ಪಾತ್ರವೂ ಬದಲಾಗುತ್ತಾ?

ಅನಿಮೆ ನೋಡುವ ಹುಡುಗರು ಈಗ ಬೆಟ್ಟದಪುರದಲ್ಲೂ ಇದ್ದಾರೆ. ಯಾವ ಪಾತ್ರ ಒಳ್ಳೇದು, ಯಾವುದು ಕೆಟ್ಟದ್ದು ಅಂತ ಅವರು ಜಗಳಕ್ಕೆ ಬಿದ್ದಾಗ ನಾನು ಕೇಳುವುದು ಒಂದೇ ಪ್ರಶ್ನೆ: ಆ ಪಾತ್ರದ ಬಗ್ಗೆ ನಿಮಗೆ ಹೇಳಿದ್ದು ಯಾರು?

ಈ ಪ್ರಶ್ನೆಗೆ ಅತ್ಯುತ್ತಮ ಉದಾಹರಣೆ 'ಮೊನೊಗತಾರಿ' ಸರಣಿ. ನಿಸಿಯೊ ಇಸಿನ್ ಅವರ ಕಾದಂಬರಿಗಳನ್ನು ಆಧರಿಸಿ ಶಾಫ್ಟ್ ಸ್ಟುಡಿಯೊ ಮಾಡಿದ್ದು. 2009ರಲ್ಲಿ ಬಂದ ಮೊದಲ ಭಾಗ 'ಬಕೆಮೊನೊಗತಾರಿ'ಯಲ್ಲಿ ಕಥೆ ಹೇಳುವವನು ಅರರಗಿ ಎಂಬ ಹೈಸ್ಕೂಲ್ ಹುಡುಗ. ಅವನ ತಂಗಿಯ ಗೆಳತಿ ಸೆಂಗೊಕು ನಾದೆಕೊ, ಅವನು ಹೇಳುವ ಪ್ರಕಾರ, ಮುಖದ ಮೇಲೆ ಕೂದಲು ಇಳಿಬಿಟ್ಟುಕೊಂಡ ನಾಚಿಕೆಯ, ಪಾಪದ ಹುಡುಗಿ. ನಾವೂ ಹಾಗೇ ನಂಬುತ್ತೇವೆ. 2013ರ ಎರಡನೇ ಸೀಸನ್‌ನಲ್ಲಿ ಕಥೆ ಹೇಳುವ ಸರದಿ ಅವಳಿಗೇ ಬರುತ್ತದೆ. ಆಗ ಗೊತ್ತಾಗುವುದೇನೆಂದರೆ, 'ಮುದ್ದು' ಅನ್ನುವ ಪಟ್ಟ ಅವಳಿಗೆ ಸಾಕಾಗಿದೆ. ಅದರ ಹಿಂದೆ ಬಚ್ಚಿಟ್ಟುಕೊಳ್ಳುವುದೂ ಅಭ್ಯಾಸವಾಗಿದೆ.

ಸೀಸನ್‌ನ ಕೊನೆಯ ಭಾಗದಲ್ಲಿ ಕಥೆ ಹೇಳುವವನು ಕೈಕಿ ಎಂಬ ವಂಚಕ. ನಾನು ಹೇಳೋದನ್ನ ನಂಬಬೇಡಿ ಅಂತ ಶುರುವಿನಲ್ಲೇ ಎಚ್ಚರಿಸುತ್ತಾನೆ. ಆದರೆ ನಾದೆಕೊಳ ಕೋಣೆಯ ಮುಚ್ಚಿದ ಕಪಾಟು ತೆರೆದು, ಅವಳು ಗುಟ್ಟಾಗಿ ಬರೆದ ಮಾಂಗಾ ನೋಡಿ, ಈ ಹುಡುಗಿಗೆ ಏನು ಬೇಕಾಗಿತ್ತು ಅಂತ ಅರ್ಥ ಮಾಡಿಕೊಳ್ಳುವವನು ಅವನೇ. ಒಳ್ಳೆಯ ಮನಸ್ಸಿನ ಅರರಗಿಗೆ ಕಾಣದ್ದು ಸುಳ್ಳುಗಾರನಿಗೆ ಕಂಡಿತು. ಪೂರ್ವಗ್ರಹ ಅಂದರೆ ಸುಳ್ಳು ಅಂದುಕೊಳ್ಳುವವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಅರರಗಿ ಸುಳ್ಳು ಹೇಳಲಿಲ್ಲ, ಅಕ್ಕರೆಯಿಂದ ನೋಡಿದ ಅಷ್ಟೇ.

ಎಂಜಿನಿಯರಿಂಗ್ ಓದಿದವರಿಗೆ ಇದು ಬೇಗ ಹೊಳೆಯುತ್ತೆ. ಸೆನ್ಸರ್‌ನಲ್ಲಿ ನಾಯ್ಸ್ ಬೇರೆ, ಬಯಾಸ್ ಬೇರೆ. ನೂರು ಸಲ ಅಳೆದು ಸರಾಸರಿ ತೆಗೆದರೆ ನಾಯ್ಸ್ ತಗ್ಗುತ್ತೆ, ಬಯಾಸ್ ಹಾಗೇ ಉಳಿಯುತ್ತೆ. ಅದನ್ನು ಹಿಡಿಯಲು ಇನ್ನೊಂದು ಸೆನ್ಸರ್ ಬೇಕು. ಅನಿಮೆಯಲ್ಲಂತೂ ಪ್ರತಿ ಗೆರೆಯೂ ಯಾರೋ ಬರೆದದ್ದು, ಹಾಗಾಗಿ ನಿರೂಪಕನ ಒಲವು ಚಿತ್ರದಲ್ಲೇ ಸೇರಿಕೊಳ್ಳಬಹುದು. ಮೊನೊಗತಾರಿಯ ಬೀದಿಗಳಲ್ಲಿ ದಾರಿಹೋಕರೇ ಕಾಣಿಸುವುದಿಲ್ಲ. ಅರರಗಿಗೆ ಮುಖ್ಯವಲ್ಲದವರನ್ನು ಚಿತ್ರಿಸೇ ಇಲ್ಲ ಅಂತ ನಾನು ಓದಿಕೊಳ್ಳುತ್ತೇನೆ.

ಜಪಾನಿಗೆ ಈ ತಂತ್ರ ಹೊಸದಲ್ಲ. ಅಕುತಗಾವಾ 1922ರಲ್ಲಿ ಬರೆದ ಕಥೆಯನ್ನು ಕುರೊಸಾವಾ 1950ರಲ್ಲಿ 'ರಾಶೊಮಾನ್' ಮಾಡಿದರು. ಕನ್ನಡದಲ್ಲಿ ಥಟ್ಟನೆ ನೆನಪಾಗುವುದು ರಕ್ಷಿತ್ ಶೆಟ್ಟಿಯ 'ಉಳಿದವರು ಕಂಡಂತೆ' (2014). ಮಲ್ಪೆಯ ರಿಚ್ಚಿಯ ಸುತ್ತಲಿನ ಘಟನೆಗಳನ್ನು ರೆಜಿನಾ ಎಂಬ ಪತ್ರಕರ್ತೆ ಒಬ್ಬೊಬ್ಬರಿಂದ ಕೇಳುತ್ತಾ ಹೋಗುತ್ತಾಳೆ. ಹೆಸರೇ ಹೇಳುವಂತೆ, ಅದು ಉಳಿದವರ ಕಥೆ. ಆದರೆ ಆ ತುಣುಕುಗಳನ್ನು ಜೋಡಿಸುವವಳು ರೆಜಿನಾ. ಚಿತ್ರದ ಚರ್ಚೆಯಲ್ಲಿ ಅವಳ ಪಾತ್ರಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ ಅನ್ನೋದು ನನ್ನ ತಕರಾರು.

ಸಿನಿಮಾದ ಆಚೆಗೂ ಇದು ನಡೆಯುತ್ತೆ. ಎಚ್.ಡಿ.ಕೋಟೆಯ ಬಳ್ಳೆ ಶಿಬಿರದ ಅರ್ಜುನನನ್ನು ತೆಗೆದುಕೊಳ್ಳಿ. ಹಿಂದೊಮ್ಮೆ ಮಾವುತನೊಬ್ಬನ ಸಾವಿಗೆ ಕಾರಣವಾಯಿತೆಂದು ದೂರ ಇಡಲಾಗಿದ್ದ ಆನೆ. ಅದೇ ಆನೆ 2012ರಿಂದ 2019ರವರೆಗೆ 750 ಕೆ.ಜಿ. ಅಂಬಾರಿ ಹೊತ್ತು ನಾಡಿನ ಕಣ್ಮಣಿಯಾಯಿತು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ ಕಾಡಾನೆ ಸೆರೆ ಕಾರ್ಯಾಚರಣೆಯಲ್ಲಿ ಸತ್ತಿತು. ಅರಣ್ಯ ಇಲಾಖೆ ಹೇಳಿದ್ದು ಕಾಡಾನೆಯೊಂದಿಗಿನ ಕಾಳಗದ ಕಥೆ. ಗುರಿತಪ್ಪಿದ ಗುಂಡು ಅರ್ಜುನನ ಕಾಲಿಗೇ ತಗುಲಿತ್ತು ಎಂಬ ಆರೋಪವೂ ಕೇಳಿಬಂತು. ಸುದ್ದಿ ಓದಿದವರಿಗೆ ಸಿಕ್ಕಿದ್ದು ಹುತಾತ್ಮ ವೀರ.

ಈ ಮೂರೂ ಕಥೆಗಳಲ್ಲಿ ಇನ್ನೊಂದು ಆನೆಯಿದೆ, ಅರ್ಜುನನ ಎದುರಿಗೆ ನಿಂತದ್ದು. ಅದರ ಬಗ್ಗೆ ನಾವು ಓದಿದ್ದು ಹೆಚ್ಚೆಂದರೆ ಎರಡೇ ಪದ: ಮದವೇರಿದ ಒಂಟಿಸಲಗ.