ವೈಫೈ ಸ್ವಯಂಹಂಚಿಕೆ ಮತ್ತು ಅದರ ತಡೆ

ಕಂಪ್ಯೂಟರಿಗೆ ಒಮ್ಮೆ ಕೊಟ್ಟ ವೈಫೈ ಪಾಸ್‌ವರ್ಡ್ ಮನೆಯವರ ಕೈ ಮೀರಿ ಇತರರ ಸಾಧನಗಳಿಗೂ ದಾಟುವ ವ್ಯವಸ್ಥೆಯೇ ವೈಫೈ ಸ್ವಯಂಹಂಚಿಕೆ. ಇದರಲ್ಲಿ ಹೆಚ್ಚು ಚರ್ಚೆಗೆ ಗುರಿಯಾದದ್ದು ಮೈಕ್ರೋಸಾಫ್ಟ್‌ನ ‘ವೈಫೈ ಸೆನ್ಸ್’. 2014ರಲ್ಲಿ ವಿಂಡೋಸ್ ಫೋನ್ 8.1ರಲ್ಲಿ ಕಾಣಿಸಿಕೊಂಡ ಇದು, 2015ರ ಜುಲೈ 29ರಂದು ಬಿಡುಗಡೆಯಾದ ವಿಂಡೋಸ್ 10ರ ಜೊತೆ ಮನೆಯ ಕಂಪ್ಯೂಟರಿಗೂ ಬಂತು.

ಬನಶಂಕರಿ ಜಾತ್ರೆಗೆಂದು ಬಾದಾಮಿಯ ಮನೆಗೆ ಬೀಗರು ಬರುತ್ತಾರೆ. ಊಟಕ್ಕೆ ಕೂಡುವ ಮೊದಲೇ ಹುಡುಗರು ಪಾಸ್‌ವರ್ಡ್ ಕೇಳುತ್ತಾರೆ. ಕೊಡದೆ ಇರಲಾಗದು. ಅವರಲ್ಲೊಬ್ಬ ಅದನ್ನು ತನ್ನ ಲ್ಯಾಪ್‌ಟಾಪಿಗೆ ಹಾಕುವಾಗ ‘ಸಂಪರ್ಕದಲ್ಲಿರುವವರೊಂದಿಗೆ ಹಂಚಿಕೊಳ್ಳಿ’ ಎಂಬ ಚೌಕಕ್ಕೆ ಗುರುತು ಹಾಕಿದರೆ, ಔಟ್‌ಲುಕ್, ಸ್ಕೈಪ್, ಫೇಸ್‌ಬುಕ್ಕುಗಳಲ್ಲಿ ಅವನು ಆರಿಸಿದ ಗುಂಪಿನ ಎಲ್ಲರಿಗೂ ಆ ಮನೆಯ ವೈಫೈ ತೆರೆದುಕೊಳ್ಳುತ್ತಿತ್ತು. ಇಂಥವರಿಗೆ ಮಾತ್ರ ಇರಲಿ, ಉಳಿದವರಿಗೆ ಬೇಡ ಎನ್ನುವ ದಾರಿಯೇ ಇರಲಿಲ್ಲ. ಮನೆಯ ಯಜಮಾನರನ್ನು ಯಾರೂ ಕೇಳುತ್ತಿರಲಿಲ್ಲ. ಆಕ್ಷೇಪದ ತಿರುಳು ಇದೇ, ಮತ್ತು ಅದು ನ್ಯಾಯವಾದ ಆಕ್ಷೇಪ.

ಕಂಪನಿಯ ಕಡೆಯ ಮಾತನ್ನೂ ಹೇಳಬೇಕು. ಪಾಸ್‌ವರ್ಡ್ ಗೂಢಲಿಪಿಯಲ್ಲಿ ಕಂಪನಿಯ ಸರ್ವರ್‌ಗೆ ಹೋಗುತ್ತಿತ್ತು. ಪಡೆದವರ ಕಣ್ಣಿಗೆ ಬೀಳುತ್ತಿರಲಿಲ್ಲ. ಅವರಿಗೆ ಸಿಗುತ್ತಿದ್ದದ್ದು ಇಂಟರ್ನೆಟ್ ಮಾತ್ರ, ಮನೆಯ ಇತರ ಕಂಪ್ಯೂಟರುಗಳಲ್ಲ.

ಬೇಡವೆಂದವರಿಗೆ ಎರಡು ದಾರಿಗಳಿದ್ದವು. ತಮ್ಮ ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ ‘ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್’, ‘ವೈಫೈ’, ‘ಮ್ಯಾನೇಜ್ ವೈಫೈ ಸೆಟ್ಟಿಂಗ್ಸ್’ ಎಂದು ಒಳಹೊಕ್ಕು ಹಂಚಿಕೆಯ ಆಯ್ಕೆಗಳನ್ನು ಆಫ್ ಮಾಡುವುದು ಒಂದು. ಬಂದವರ ಲ್ಯಾಪ್‌ಟಾಪನ್ನೂ ತಡೆಯಬೇಕಿದ್ದರೆ ರೌಟರಿನ ಹೆಸರನ್ನೇ ಬದಲಿಸಬೇಕಿತ್ತು: ‘ಬಾದಾಮಿಮನೆ’ ಎಂದಿದ್ದ ಹೆಸರು ‘ಬಾದಾಮಿಮನೆ_ಆಪ್ಟ್‌ಔಟ್’ ಆಗಬೇಕು, ಅದೂ ಇಂಗ್ಲಿಷ್ ಅಕ್ಷರಗಳಲ್ಲಿ, ಅಡಿಗೆರೆ ಸಮೇತ. ಹೆಸರು ಬದಲಾದ ಕೂಡಲೇ ಮನೆಯ ಪ್ರತಿ ಫೋನನ್ನೂ ಹೊಸದಾಗಿ ಜೋಡಿಸಬೇಕು. ತಾನು ಕೇಳದ ಸೌಲಭ್ಯವನ್ನು ತಡೆಯಲು ಮನೆಯವನು ಇಷ್ಟು ದುಡಿಯಬೇಕಾಗಿತ್ತು.

2016ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಈ ಹಂಚಿಕೆಯನ್ನು ಕೈಬಿಟ್ಟಿತು. ಬಳಸುವವರು ಕಡಿಮೆ, ನಿರ್ವಹಣೆಯ ಖರ್ಚು ಹೆಚ್ಚು ಎಂಬುದು ಅದು ಕೊಟ್ಟ ಕಾರಣ. ಅದೇ ವರ್ಷದ ಆಗಸ್ಟಿನ ಅಪ್‌ಡೇಟಿನಲ್ಲಿ ಈ ಸೌಲಭ್ಯ ಎಲ್ಲರ ಕಂಪ್ಯೂಟರಿನಿಂದ ಮಾಯವಾಯಿತು.

ಭಾರತದಲ್ಲಿ ವೈಫೈ ಕುರಿತ ಎಚ್ಚರಿಕೆಗೆ ಇನ್ನೂ ಹಳೆಯ ಹಿನ್ನೆಲೆಯಿದೆ. 2008ರ ಜುಲೈ 26ರ ಅಹಮದಾಬಾದ್ ಸ್ಫೋಟಗಳ ಹೊಣೆ ಹೊತ್ತ ಇ-ಮೇಲ್ ಹೋದದ್ದು ನವಿ ಮುಂಬೈನ ಮನೆಯೊಂದರ ರಕ್ಷಣೆಯಿಲ್ಲದ ವೈಫೈ ಮೂಲಕ. ಪೊಲೀಸರು ಮೊದಲು ಬಂದದ್ದು ಆ ಮನೆಗೇ. 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ ವೈಫೈ ಸಂಪರ್ಕಗಳನ್ನು ಭದ್ರಪಡಿಸಲು ಸೇವಾ ಕಂಪನಿಗಳಿಗೆ ಸೂಚನೆ ಕೊಟ್ಟಿತು.

ಈಗಿನ ವಿಂಡೋಸ್‌ನಲ್ಲಿ ನೋಡಬೇಕಾದ ಜಾಗಗಳು ಬೇರೆ. ಕಂಪ್ಯೂಟರ್ ತನ್ನ ಇಂಟರ್ನೆಟ್ಟನ್ನು ಹೊರಗೆ ಹಂಚುವುದು ‘ಮೊಬೈಲ್ ಹಾಟ್‌ಸ್ಪಾಟ್’ ಮೂಲಕ. ಅದನ್ನು ಆಫ್ ಮಾಡಿದರೆ ಹಂಚಿಕೆ ನಿಂತಿತು. ಫೈಲುಗಳ ವಿಚಾರಕ್ಕೆ ಬಂದರೆ, ಸಂಪರ್ಕವನ್ನು ‘ಪ್ರೈವೇಟ್’ ಬದಲು ‘ಪಬ್ಲಿಕ್’ ಎಂದು ಗುರುತಿಸಿದಾಗ ಅದೇ ವೈಫೈನಲ್ಲಿರುವ ಬೇರೆ ಸಾಧನಗಳಿಗೆ ಈ ಕಂಪ್ಯೂಟರ್ ಕಾಣಿಸುವುದಿಲ್ಲ. ಸೀರೆ ನೇಯುವ ಇಳಕಲ್‌ನಲ್ಲಿ ಇದಕ್ಕೆ ಹೆಚ್ಚಿನ ಅರ್ಥವಿದೆ. ಅಲ್ಲಿ ನೇಕಾರರ ಮನೆಯೇ ಮಗ್ಗದ ಮನೆ. ಸೀರೆಯ ವಿನ್ಯಾಸದ ಚಿತ್ರಗಳು, ವ್ಯಾಪಾರಿಗಳ ಲೆಕ್ಕ, ಮಕ್ಕಳ ಆನ್‌ಲೈನ್ ಪಾಠ ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ ಇರಬಹುದು.

ಬಾದಾಮಿಯ ಹೋಂಸ್ಟೇಗಳಿಗಾಗಲಿ, ಬಾಗಲಕೋಟೆಯ ನವನಗರದಲ್ಲಿ ವಿದ್ಯಾರ್ಥಿಗಳಿಗೆ ಕೋಣೆ ಬಾಡಿಗೆ ಕೊಟ್ಟವರಿಗಾಗಲಿ ಸರಿಯಾದ ಉಪಾಯ ರೌಟರಿನ ‘ಗೆಸ್ಟ್ ನೆಟ್‌ವರ್ಕ್’. ಅತಿಥಿಗಳಿಗೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಅವರು ಹೋದ ಮೇಲೆ ಅದನ್ನಷ್ಟೇ ಬದಲಿಸಿದರಾಯಿತು, ಮನೆಯ ಫೋನುಗಳನ್ನು ಮುಟ್ಟಬೇಕಿಲ್ಲ.