ದಕ್ಷಿಣ ಕನ್ನಡದಲ್ಲಿ ಯಂತ್ರವಿದ್ಯೆಯೂ ಕರ್ಮಶಾಲೆಯ ಶಿಸ್ತೂ

ಶಿವರಾತ್ರಿಯ ಕಾಲದಲ್ಲಿ ಘಟ್ಟದ ಮೇಲಿನ ಸೀಮೆಯಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಡುವ ಭಕ್ತರು ಕೊಟ್ಟಿಗೆಹಾರವನ್ನು ದಾಟಿ, ಚಾರ್ಮಾಡಿ ಘಟ್ಟವನ್ನಿಳಿದು, ಉಜಿರೆಯತ್ತ ಸಾಗುವಾಗ ಕಕ್ಕಿಂಜೆಯೆಂಬ ಚಿಕ್ಕ ಪೇಟೆಯನ್ನು ಹಾದುಹೋಗುವರು. ಅಡಕೆಯ ಸೀಮೆಯಾದ ಬೆಳ್ತಂಗಡಿ ತಾಲ್ಲೂಕಿನ ಈ ಊರಿನ ಹೆಸರು ಯಂತ್ರೋದ್ಯಮದ ಚರಿತ್ರೆಯಲ್ಲಿ ಎಲ್ಲಿಯೂ ಕಾಣಬರುವುದಿಲ್ಲ. ಆದರೂ ಆ ಚರಿತ್ರೆಯನ್ನು ಇಂತಹ ಊರಿನ ಕಡೆಯಿಂದ ನೋಡುವುದೇ ಲೇಸೆಂದು ನನ್ನೆಣಿಕೆ. ಏಕೆಂದರೆ ಲೇತ್ ಯಂತ್ರದ ಮುಂದೆ ನಿಂತು ವಿದ್ಯೆ ಕಲಿಯುವ ಬಾಲಕರಲ್ಲಿ ಅನೇಕರು ಇಂತಹ ಊರುಗಳಿಂದಲೇ ಹೊರಟವರು.

ಹಿಂದಿನ ಕಾಲದಲ್ಲಿ ಗ್ರಾಮದ ಆಚಾರಿಯ ಕುಲುಮೆಯೇ ಕಬ್ಬಿಣದ ಕೆಲಸಕ್ಕೆ ಪಾಠಶಾಲೆಯಾಗಿದ್ದಿತು. ಮಗನು ತಿದಿಯನ್ನೊತ್ತುತ್ತ ಕಾದ ಕಬ್ಬಿಣದ ಬಣ್ಣವನ್ನು ನೋಡಿ ಅದರ ಹದವನ್ನರಿಯುತ್ತಿದ್ದನು. ಮಾಡಿದ ಕತ್ತಿಯು ಮೊಂಡಾದರೆ, ಹಾರೆಯು ಬಾಗಿದರೆ, ಕೊಂಡವನು ಮರುದಿನವೇ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದನು. ಕೊಳ್ಳುವವನ ಮುಖವನ್ನು ಮಾಡುವವನು ಬಲ್ಲನಾದ ಕಾರಣ, ಕೆಲಸದ ಪ್ರಾಮಾಣಿಕತೆಯನ್ನು ಬೇರೆಯಾಗಿ ಬೋಧಿಸಬೇಕಾದ ಅವಶ್ಯಕತೆಯೇ ಇರಲಿಲ್ಲ. ಶರಣರ ಗಣದಲ್ಲಿ ಬಾಚಿಕಾಯಕದ ಬಸವಯ್ಯನಂತಹವರು ತಮ್ಮ ಉಪಕರಣದ ಹೆಸರಿನಿಂದಲೇ ಪ್ರಸಿದ್ಧರಾದುದನ್ನು ಭಕ್ತಮಹಾಶಯರಿಗೆ ನಾನು ಹೇಳಬೇಕಾದುದಿಲ್ಲ.

ಈ ಸ್ಥಿತಿಯು ಮಂಗಳೂರಿನಲ್ಲಿ ಮೊದಲು ಬದಲಾಯಿತು. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಶನ್ನಿನವರು ಮುದ್ರಣಾಲಯ, ನೇಯ್ಗೆಗಳನ್ನು ಆರಂಭಿಸಿ, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್‌ರವರ ಪ್ರಯತ್ನದಿಂದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಯಂತ್ರಗಳು ಬಂದ ಮೇಲೆ ಅವುಗಳ ದುರಸ್ತಿಯೂ ಬೇಕಾಯಿತು. 1870ರ ದಶಕದಲ್ಲಿ ಯಾಂತ್ರಿಕ ಕರ್ಮಶಾಲೆಯೊಂದು ಹುಟ್ಟಿತು. ಮೊದಲನೆಯ ಮಹಾಯುದ್ಧದ ತರುವಾಯ ಈ ಉದ್ಯಮಗಳು ಮಿಶನ್ನಿನ ಕೈಬಿಟ್ಟು ಹೋದವು. ಆದರೆ ಗಂಟೆಯ ಲೆಕ್ಕದ ದುಡಿಮೆಯೂ, ಒಬ್ಬನು ಆರಂಭಿಸಿದ ಕೆಲಸವನ್ನು ಮತ್ತೊಬ್ಬನು ಮುಗಿಸುವ ಪದ್ಧತಿಯೂ ನಾಡಿನಲ್ಲಿ ಉಳಿದವು. 1946ರಲ್ಲಿ ಮಂಗಳೂರಿನಲ್ಲಿ ಕರ್ನಾಟಕ ಪಾಲಿಟೆಕ್ನಿಕ್ ಸ್ಥಾಪಿತವಾಯಿತು.

ಮೈಸೂರು ಸಂಸ್ಥಾನದಲ್ಲಿಯೂ ಇದೇ ಕಾಲಕ್ಕೆ ಯಂತ್ರಯುಗವು ನೆಲೆಯೂರುತ್ತಿದ್ದಿತು. ಬೆಂಗಳೂರಿನಲ್ಲಿ 1940ರಲ್ಲಿ ವಿಮಾನದ ಕಾರ್ಖಾನೆ, ಹರಿಹರದಲ್ಲಿ 1941ರಲ್ಲಿ ಲೇತುಗಳನ್ನೇ ತಯಾರಿಸುವ ಮೈಸೂರು ಕಿರ್ಲೋಸ್ಕರ್, ಮತ್ತೆ 1953ರಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ಮೆಷೀನ್ ಟೂಲ್ಸ್ ತಲೆಯೆತ್ತಿದವು. ಕೇಂದ್ರ ಸರಕಾರವು 1950ರಲ್ಲಿ ಕುಶಲಕರ್ಮಿಗಳ ತರಬೇತಿಯ ಯೋಜನೆಯನ್ನು ಆರಂಭಿಸಿತು. 1961ರಲ್ಲಿ ಶಿಶಿಕ್ಷು ಕಾಯಿದೆ ಬಂದಿತು. ಬೆಳ್ತಂಗಡಿ ತಾಲ್ಲೂಕಿನ ವೇಣೂರಿನಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕೈಗಾರಿಕಾ ತರಬೇತಿ ಸಂಸ್ಥೆಯು ತಲೆಯೆತ್ತಿದ ಮೇಲೆ, ಕಕ್ಕಿಂಜೆಯಂತಹ ಊರಿನ ಬಾಲಕನು ಈ ವಿದ್ಯೆಗಾಗಿ ಮಂಗಳೂರಿಗೇ ಹೋಗಬೇಕೆಂಬ ನಿರ್ಬಂಧವು ತಪ್ಪಿತು.

ಕುಲುಮೆಯಿಂದ ಕಾರ್ಖಾನೆಗೆ ಬಂದಾಗ ಕಳೆದುಹೋದುದು ಆ ಪರಿಚಿತ ಮುಖ. ಇಂದು ಲೇತಿನ ಮೇಲೆ ತಯಾರಾದ ದಂಡವು ಯಾವ ಊರಿನ ಯಾವ ಯಂತ್ರದೊಳಗೆ ಸೇರುವುದೋ ಮಾಡಿದವನು ಅರಿಯನು. ಆದುದರಿಂದ ನೆರೆಹೊರೆಯ ದಾಕ್ಷಿಣ್ಯವು ಮಾಡುತ್ತಿದ್ದ ಕೆಲಸವನ್ನು ಈಗ ಅಳತೆಯ ಉಪಕರಣವೂ ವಿದ್ಯಾರ್ಥಿಯ ಅಂತಃಕರಣವೂ ಮಾಡಬೇಕಾಗಿದೆ. ಯಂತ್ರವನ್ನು ನಡೆಯಿಸುವುದು ಕೆಲವು ತಿಂಗಳ ಮಾತು. ಇದು ಅಷ್ಟು ಸುಲಭವಲ್ಲ.

ಮೈಕ್ರೋಮೀಟರು ಮಿಲಿಮೀಟರಿನ ನೂರರಲ್ಲೊಂದು ಭಾಗವನ್ನು ತೋರಿಸುವುದು. ಆದರೆ ಅದರ ಎರಡು ಮುಖಗಳೂ ಕೂಡಿದಾಗ ಶೂನ್ಯವನ್ನು ತೋರಿಸುವುದೇ ಎಂದು ಮೊದಲು ಪರೀಕ್ಷಿಸದೆ ಹೋದರೆ ಆ ಸೂಕ್ಷ್ಮತೆಯಿಂದ ಪ್ರಯೋಜನವೇನು? ಕೊರೆಯುವಾಗ ಉಕ್ಕು ಕಾಯುವುದು, ಕಾದುದು ಹಿಗ್ಗುವುದು. ಐವತ್ತು ಮಿಲಿಮೀಟರ್ ವ್ಯಾಸದ ಉಕ್ಕಿನ ದಂಡವು ನಲವತ್ತು ಡಿಗ್ರಿ ಹೆಚ್ಚು ಕಾದರೆ ನೂರರಲ್ಲೆರಡು ಭಾಗದಷ್ಟು ದಪ್ಪವಾಗಿ ಕಾಣುವುದು. ಬಿಸಿಯಲ್ಲಿ ಸರಿಯೆನಿಸಿದುದು ತಣಿದ ಮೇಲೆ ಕಿರಿದಾಗಿ ಕೆಟ್ಟುಹೋಗುವುದು. ತಣಿಯುವವರೆಗೆ ಕಾಯುವ ತಾಳ್ಮೆಯೂ ಒಂದು ಕೌಶಲವೇ ಸರಿ. ಕೆಟ್ಟ ತುಂಡನ್ನು ಒಳ್ಳೆಯವುಗಳ ನಡುವೆ ಅಡಗಿಸದೆ ಬೇರೆ ಇಟ್ಟು ಮೇಲ್ವಿಚಾರಕನಿಗೆ ತಿಳಿಸುವ ಧೈರ್ಯವು ಅದಕ್ಕಿಂತ ದೊಡ್ಡ ಕೌಶಲ. ಹಾಗೆ ತಿಳಿಸಿದವನನ್ನು ಗದರಿಸುವ ಶಿಕ್ಷಕನು ಅಡಗಿಸುವುದನ್ನೇ ಕಲಿಸಿದಂತಾಗುವುದು.

ದೇಹರಕ್ಷಣೆಯ ವಿಷಯದಲ್ಲಿಯಂತೂ ಉದಾಸೀನವು ಸಲ್ಲದು. ಚಕ್ಕಿನ ಕೀಲಿಯನ್ನು ಅದರಲ್ಲಿಯೇ ಬಿಟ್ಟು ಯಂತ್ರವನ್ನು ಚಾಲನೆಗೊಳಿಸಿದರೆ ಅದು ಬಾಣದಂತೆ ಹಾರುವುದು. ಸಡಿಲವಾದ ತೋಳು, ಉಂಗುರ, ಮಣಿಕಟ್ಟಿನ ದಾರ ಮಾತ್ರವಲ್ಲ, ರಕ್ಷಣೆಗೆಂದು ಹಾಕಿದ ಕೈಗವಸು ಕೂಡ ತಿರುಗುವ ದಂಡಕ್ಕೆ ಸಿಕ್ಕಿದರೆ ಕೈಯನ್ನೇ ಸೆಳೆದುಕೊಳ್ಳುವುದು. ಪಾಳಿ ಮುಗಿದಾಗ ಉಕ್ಕಿನ ಸುರುಳಿಗಳನ್ನು ಬ್ರಶ್ಶಿನಿಂದ ಗುಡಿಸಿ, ಯಂತ್ರದಲ್ಲಿ ಕಂಡ ಲೋಪವನ್ನು ಮುಂದಿನ ಪಾಳಿಯವನಿಗೆ ಹೇಳಿ ಹೋಗುವುದು ಅವನ ಬೆರಳುಗಳನ್ನು ಕಾಯುವ ಕೆಲಸವೇ.

ಈಗ ಗಣಕದ ಆಜ್ಞೆಯಂತೆ ನಡೆಯುವ ಸಿ.ಎನ್.ಸಿ. ಯಂತ್ರಗಳು ಬಂದಿವೆ. ಅಲ್ಲಿ ದಶಮಾಂಶದ ಚುಕ್ಕೆಯೊಂದು ತಪ್ಪಿದರೂ ಉಳಿಯು ಹೋಗಿ ಚಕ್ಕಿಗೆ ಬಡಿಯಬಹುದು. ನಕ್ಷೆಯನ್ನೋದುವ ವಿದ್ಯೆಗೆ ಇದರಿಂದ ಬೆಲೆ ಹೆಚ್ಚಿತೇ ಹೊರತು ಕಡಮೆಯಾಗಲಿಲ್ಲ. ಭಾರತದ ನಕ್ಷೆಗಳು ಪ್ರಥಮಕೋನ ಪದ್ಧತಿಯವು, ಅಮೆರಿಕದವು ತೃತೀಯಕೋನದವು. ಒಂದನ್ನು ಮತ್ತೊಂದೆಂದು ತಿಳಿದರೆ ಎಡಬದಿಯ ರಂಧ್ರವು ಬಲಬದಿಗೆ ಬೀಳುವುದು. ಮನೆಯಲ್ಲಿ ತುಳು, ಬ್ಯಾರಿ, ಮಲೆಯಾಳ ಅಥವಾ ಕನ್ನಡವನ್ನಾಡಿ ಬೆಳೆದ ಬಾಲಕನಿಗೆ ಈ ನಕ್ಷೆಯ ಬರಹವೆಲ್ಲ ಇಂಗ್ಲಿಷಿನಲ್ಲಿರುವುದು. ತಿಳಿಯದ ಪದವೊಂದು ಎದುರಾದಾಗ, ಸಂಗಡಿಗರು ನಗುವರೆಂಬ ಅಂಜಿಕೆಯಿಲ್ಲದೆ, ಯಂತ್ರವನ್ನು ಚಾಲನೆಗೊಳಿಸುವುದಕ್ಕೆ ಮುಂಚೆಯೇ ಗುರುವಿನ ಬಳಿಗೆ ಹೋಗಿ ಕೇಳುವುದನ್ನು ಮೊದಲನೆಯ ವಾರದಲ್ಲಿಯೇ ಅವನಿಗೆ ಅಭ್ಯಾಸ ಮಾಡಿಸತಕ್ಕದ್ದು.