ಪೊಲ್ಲಿಲೂರು ಕದನ ಹರಾಜಿಗೆ

ಸೋತವರ ರಾಜಧಾನಿಯಲ್ಲೇ ಗೆದ್ದವರ ಚಿತ್ರ ಹರಾಜಾಯಿತು. 2022ರ ಮಾರ್ಚ್ 30ರಂದು ಲಂಡನ್ನಿನ ಸೋದ್‌ಬೀಸ್ ಸಂಸ್ಥೆಯಲ್ಲಿ ಪೊಲ್ಲಿಲೂರು ಕದನದ ಚಿತ್ರವೊಂದು 6,30,000 ಪೌಂಡಿಗೆ ಬಿಕರಿಯಾಯಿತು. ಹತ್ತು ಹಾಳೆಗಳ ಈ ಚಿತ್ರ ಸುಮಾರು 32 ಅಡಿ ಉದ್ದ.

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿ ಹೈದರ್ ಅಲಿ ಮತ್ತು ಟಿಪ್ಪು ಕಂಪನಿಯ ಪಡೆಯನ್ನು ಬಗ್ಗುಬಡಿದರು. ಚಿತ್ರದಲ್ಲಿ ಮದ್ದಿನ ಬಂಡಿ ಸಿಡಿಯುತ್ತಿದೆ. ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೈಲಿ ಬೆರಳು ಕಚ್ಚುತ್ತಿದ್ದಾನೆ. ಟಿಪ್ಪುವೋ, ಆನೆಯ ಮೇಲೆ ಕುಳಿತು ಗುಲಾಬಿ ಮೂಸುತ್ತಿದ್ದಾನೆ! ಆಸ್ಥಾನದ ಕಲಾವಿದನಿಗೆ ಒಡೆಯನ ಮನಸ್ಸು ಗೊತ್ತಿತ್ತು.

ಇದೇ ಕದನ ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೂ ಇದೆ. ಆದರೆ ಆ ಗೋಡೆ ಸುಣ್ಣ ಕಂಡಿದೆ, 1855ರ ಸುಮಾರಿಗೆ ಡಾಲ್‌ಹೌಸಿಯ ಅಪ್ಪಣೆಯಂತೆ ಮರುಬಣ್ಣವನ್ನೂ ಕಂಡಿದೆ. ಅಳಿಸಿಹೋದದ್ದನ್ನು ಊಹಿಸಲು ಕಾಗದದ ಪ್ರತಿಗಳೇ ಆಸರೆ. ಅವು ಖಾಸಗಿ ಸಂಗ್ರಹ ಸೇರಿದರೆ ಮುಂದಿನ ಹರಾಜಿನವರೆಗೆ ಕಾಯಬೇಕು.